ಅವನ ಬ್ಯಾಗಿನ ಸಕ್ಕರೆ ಪೊಟ್ಟಣ

ರೋಣದಿಂದ ಬಂದಿದ್ದ ನಮ್ಮ ಹಾಸ್ಟೆಲ್ ಗೆಳೆಯ ಈಗಿಲ್ಲ. ಅವನಿಗೆ ಚಿಕ್ಕಂದಿನಿಂದ ಟೈಪ್ 1 ಡಯಾಬಿಟಿಸ್. ಸಿಹಿ ತಿಂದು ಬರೋ ರೋಗ ಅಲ್ಲ ಇದು. ದೇಹದ ರಕ್ಷಣಾ ವ್ಯವಸ್ಥೆಯೇ ಇನ್ಸುಲಿನ್ ತಯಾರಿಸೋ ಜೀವಕೋಶಗಳನ್ನು ನಾಶಮಾಡುತ್ತದೆ. 1922ರಲ್ಲಿ ಟೊರಾಂಟೊದ 14 ವರ್ಷದ ಹುಡುಗ ಲಿಯೊನಾರ್ಡ್ ಥಾಂಪ್ಸನ್‌ಗೆ ಮೊದಲ ಇನ್ಸುಲಿನ್ ಚುಚ್ಚಿದರು. ಅದಕ್ಕೂ ಮುಂಚೆ ಇಂಥ ಮಕ್ಕಳು ಹೆಚ್ಚು ಕಾಲ ಬದುಕುತ್ತಿರಲಿಲ್ಲ.

ನರಗುಂದ, ಗಜೇಂದ್ರಗಡದ ನೆಂಟರ ಮನೆಗೆ ಹೋದರೂ ಇನ್ಸುಲಿನ್ ಅವನ ಜೊತೆಗೇ. ಬೇಸಿಗೆಯಲ್ಲಿ ಕರೆಂಟ್ ಹೋದರೆ ಅವನ ಅವ್ವ ಅದನ್ನ ಒದ್ದೆ ಮಣ್ಣಿನ ಗಡಿಗೆಯೊಳಗೆ ಇಡ್ತಿದ್ರು. ನೀರು ಆವಿಯಾಗುವಾಗ ಶಾಖ ಹೀರುತ್ತದೆ. ನಮ್ಮ ಥರ್ಮೋಡೈನಮಿಕ್ಸ್ ಪಾಠವೇ.

ಒಂದು ದಿನ ಲ್ಯಾಬ್‌ನಲ್ಲಿ ಅವನು ಬೆವತು, ತೊದಲಿದ. ಕುಡಿದಾನೆ ಅಂತ ನಾವು ನಕ್ಕೆವು. ‘ನಗಬ್ಯಾಡ್ರಲೇ, ಸಕ್ರಿ ಕೊಡ್ರಿ’ ಅಂದ. ಆ ನಗು ಇವತ್ತಿಗೂ ಚುಚ್ಚುತ್ತದೆ.

ಇಷ್ಟು ನೆನಪಿಡಿ: ರಕ್ತದ ಸಕ್ಕರೆ 70 ಮಿಲಿಗ್ರಾಂಗಿಂತ ಇಳಿದರೆ ಮೂರು ಟೀ ಚಮಚ, ಅಂದರೆ ಸುಮಾರು 15 ಗ್ರಾಂ ಸಕ್ಕರೆಯನ್ನು ನೀರಿಗೆ ಹಾಕಿ ಕುಡಿಸಿ. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ.

ನಮ್ಮ ಬ್ಯಾಗುಗಳಲ್ಲೂ ಈಗ ಒಂದೊಂದು ಸಕ್ಕರೆ ಪೊಟ್ಟಣ ಇದೆ.