ನಿಲ್ದಾಣದ ಮೇಲೊಂದು ಊರು

ಮಕ್ಕಳೇ, ನೀವು ಹಲಸೂರಿನಿಂದ ಇಂದಿರಾನಗರಕ್ಕೆ ಮೆಟ್ರೋ ರೈಲಿನಲ್ಲಿ ಹೋಗಿದ್ದೀರಾ? ಬೆಂಗಳೂರಿನ ಮೊದಲ ಮೆಟ್ರೋ ರೈಲು 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿ ಮತ್ತು ಮಹಾತ್ಮ ಗಾಂಧಿ ರಸ್ತೆಗಳ ನಡುವೆ ಓಡಿದ್ದು ಇದೇ ದಾರಿಯಲ್ಲಿ. ಕಿಟಕಿಯಿಂದ ನೋಡಿದರೆ ಮನೆಗೆ ಮನೆ ತಾಗಿಕೊಂಡಿರುವುದು ಕಾಣುತ್ತದೆ. ಖಾಲಿ ಜಾಗವೇ ಇಲ್ಲ! ಆದರೂ ನಗರಕ್ಕೆ ಪ್ರತಿದಿನ ಹೊಸಬರು ಬರುತ್ತಲೇ ಇದ್ದಾರೆ. ಅವರಿಗೆಲ್ಲ ಮನೆ ಎಲ್ಲಿ ಕಟ್ಟುವುದು?

ಊರಾಚೆಗೆ ಹೋಗೋಣ ಎಂದರೆ ಅಲ್ಲಿ ಹೊಲ, ತೋಟ, ಕೆರೆಗಳಿವೆ. ಅವನ್ನೆಲ್ಲ ಮುಚ್ಚಿ ಮನೆ ಕಟ್ಟುತ್ತಾ ಹೋದರೆ ಮಳೆನೀರು ಇಂಗಲು ಜಾಗವಿರುವುದಿಲ್ಲ. ಹಾಗಾದರೆ ಉಳಿಯುವ ದಾರಿ ಒಂದೇ, ಮೇಲಕ್ಕೆ ಬೆಳೆಯುವುದು.

ಒಂದು ಸಣ್ಣ ಲೆಕ್ಕ

60 ಮೀಟರ್ ಉದ್ದ, 40 ಮೀಟರ್ ಅಗಲದ ಒಂದು ಜಾಗವಿದೆ ಎನ್ನೋಣ. ಅದರ ವಿಸ್ತೀರ್ಣ 2400 ಚದರ ಮೀಟರ್. ಒಂದು ಮನೆಗೆ 60 ಚದರ ಮೀಟರ್ ಬೇಕಾದರೆ ನೆಲದ ಮೇಲೆ 40 ಮನೆಗಳು ಹಿಡಿಯುತ್ತವೆ. ನಾಲ್ಕು ಅಂತಸ್ತು ಕಟ್ಟಿದರೆ 160 ಮನೆಗಳು! ಮೆಟ್ಟಿಲು, ಓಣಿಗಳಿಗೆ ಜಾಗ ಬಿಟ್ಟರೆ ಸ್ವಲ್ಪ ಕಡಿಮೆಯಾಗಬಹುದು, ಅಷ್ಟೇ. ನೆಲ ಮಾತ್ರ ಅಷ್ಟೇ ಇದೆ.

ಇಂಥ ಕಟ್ಟಡವನ್ನು ನಿಲ್ದಾಣದ ಮೇಲೆಯೇ ಏಕೆ ಕಟ್ಟಬೇಕು? ಅಲ್ಲಿ ವಾಸಿಸುವವರು ಮೆಟ್ಟಿಲಿಳಿದರೆ ರೈಲು ಸಿಗುತ್ತದೆ. ಕಾರು, ಸ್ಕೂಟರುಗಳ ಅಗತ್ಯ ಕಡಿಮೆಯಾಗುತ್ತದೆ. ಒಂದು ಕಾರು ನಿಲ್ಲಲು ಸುಮಾರು 12 ಚದರ ಮೀಟರ್ ಜಾಗ ಬೇಕು. ಇಷ್ಟು ಜಾಗದಲ್ಲಿ ನಿಮ್ಮ ತರಗತಿಯ ಎಷ್ಟು ಮಕ್ಕಳು ಕೂರಬಹುದು ಎಂದು ಅಳೆದು ನೋಡಿ.

ಹೊಗೆ ಹೋಯಿತು, ಜಾಗ ಬಂತು

ಬೆಂಗಳೂರು ದಂಡು ರೈಲು ನಿಲ್ದಾಣಕ್ಕೆ ಜೋಲಾರಪೇಟೆಯಿಂದ ರೈಲು ಬಂದದ್ದು 1864ರಲ್ಲಿ. ಆಗಿನದು ಕಲ್ಲಿದ್ದಲು, ಸೌದೆ ಉರಿಸುವ ಉಗಿ ಎಂಜಿನ್‌ಗಳ ಕಾಲ. ಹೊಗೆ, ಮಸಿ, ಬೆಂಕಿಯ ಕಿಡಿಗಳು ಹಾರುವ ಹಳಿಗಳ ಮೇಲೆ ಯಾರು ತಾನೇ ಮನೆ ಕಟ್ಟುತ್ತಾರೆ?

ಇದಕ್ಕೆ ಉತ್ತರ ದೊರೆತದ್ದು ದೂರದ ಅಮೆರಿಕಾದ ನ್ಯೂಯಾರ್ಕ್ ನಗರದಲ್ಲಿ. 1902ರಲ್ಲಿ ಅಲ್ಲಿಯ ಸುರಂಗವೊಂದರಲ್ಲಿ ಹೊಗೆಯಿಂದಾಗಿ ಸಂಕೇತದ ದೀಪ ಕಾಣದೆ ಎರಡು ರೈಲುಗಳು ಡಿಕ್ಕಿಯಾದವು. ಹಲವರು ಸತ್ತರು. ಆಮೇಲೆ ವಿದ್ಯುತ್ ರೈಲುಗಳನ್ನು ಓಡಿಸಲು ನಿರ್ಧರಿಸಿದರು. ಆಗ ವಿಲಿಯಂ ವಿಲ್ಗಸ್ ಎಂಬ ಎಂಜಿನಿಯರ್‌ಗೆ ಒಂದು ಉಪಾಯ ಹೊಳೆಯಿತು. ಹೊಗೆಯೇ ಇಲ್ಲವೆಂದ ಮೇಲೆ ಹಳಿಗಳನ್ನು ತೆರೆದಿಡುವುದೇಕೆ? ಅವುಗಳ ಮೇಲೆ ಚಾವಣಿ ಹಾಕಿ, ಮೇಲಿನ ಜಾಗವನ್ನು ಕಟ್ಟಡಗಳಿಗೆ ಕೊಡಬಹುದಲ್ಲ! 1913ರಲ್ಲಿ ಗ್ರ್ಯಾಂಡ್ ಸೆಂಟ್ರಲ್ ಎಂಬ ಆ ಹೊಸ ನಿಲ್ದಾಣ ತೆರೆಯಿತು. ಹಳಿಗಳ ಮೇಲೆ ರಸ್ತೆಗಳೂ ದೊಡ್ಡ ಕಟ್ಟಡಗಳೂ ಎದ್ದವು.

ಹಾಂಗ್‌ಕಾಂಗ್‌ನಲ್ಲಿ ಮೆಟ್ರೋ ರೈಲುಗಳನ್ನು ನಿಲ್ಲಿಸಿ ದುರಸ್ತಿ ಮಾಡುವ ಡಿಪೋ ಒಂದರ ಮೇಲೆ 1980ರ ಸುಮಾರಿಗೆ 41 ವಸತಿ ಕಟ್ಟಡಗಳು ತಲೆಯೆತ್ತಿದವು. ನಮ್ಮ ದೇಶದಲ್ಲಿ ನವಿ ಮುಂಬೈನ ವಾಶಿ ರೈಲು ನಿಲ್ದಾಣವನ್ನು ಕಚೇರಿಗಳ ಜೊತೆಗೂಡಿಸಿ ಕಟ್ಟಲಾಗಿದೆ. ಬೆಂಗಳೂರಿನ ಶಾಂತಿನಗರ ಬಸ್ ನಿಲ್ದಾಣದ ಕಟ್ಟಡದಲ್ಲಿ ಸಾರಿಗೆ ಇಲಾಖೆಯ ಕಚೇರಿಗೂ ಜಾಗ ಸಿಕ್ಕಿದೆ. ಇಂದಿರಾನಗರದ ಪಕ್ಕದ ದೊಮ್ಮಲೂರಿನಲ್ಲೂ ಇದೇ ಬಗೆಯ ಬಸ್ ನಿಲ್ದಾಣವಿದೆ. 2022ರ ಜೂನ್‌ನಲ್ಲಿ ಶಂಕುಸ್ಥಾಪನೆಯಾದ ದಂಡು ನಿಲ್ದಾಣದ ಪುನರ್ನಿರ್ಮಾಣದ ಯೋಜನೆಯಲ್ಲಿ, ಪ್ರಯಾಣಿಕರು ಕಾಯಲು ಹಳಿಗಳ ಮೇಲೆಯೇ ಒಂದು ಮಹಡಿ ಸೇರಿದೆ.

ಇಂದಿರಾನಗರ ನಿಲ್ದಾಣದ ಮೇಲೆ ಕಟ್ಟಬಹುದೇ?

ಇಂದಿರಾನಗರದ ನಿಲ್ದಾಣ ರಸ್ತೆಯ ಮೇಲೆ ಕಂಬಗಳ ಆಧಾರದಲ್ಲಿ ನಿಂತಿದೆ. ಅದರ ಮೇಲೆ ನಾಲ್ಕು ಅಂತಸ್ತು ಏರಿಸಿದರಾಗದೇ?

ಆತುರ ಬೇಡ, ಮೊದಲು ತೂಕದ ಲೆಕ್ಕ ಮಾಡೋಣ. ಒಂದು ಘನ ಮೀಟರ್ ಕಾಂಕ್ರೀಟಿನ ತೂಕ ಸುಮಾರು 2500 ಕಿಲೋಗ್ರಾಂ. ನಮ್ಮ 2400 ಚದರ ಮೀಟರ್ ಜಾಗಕ್ಕೆ 15 ಸೆಂಟಿಮೀಟರ್ ದಪ್ಪದ ಒಂದೇ ಒಂದು ಚಾವಣಿ ಹಾಕಿದರೂ ಅದರ ತೂಕ 900 ಟನ್! ಒಂದು ಆನೆ 4 ಟನ್ ತೂಗಿದರೆ ಇದು 225 ಆನೆಗಳಿಗೆ ಸಮ. ಗೋಡೆ, ಸಾಮಾನು, ಜನರ ತೂಕ ಇನ್ನೂ ಬೇರೆ. ಇದೆಲ್ಲವೂ ಕಂಬಗಳ ಮೂಲಕ ಪಾಯಕ್ಕೆ, ಪಾಯದಿಂದ ಭೂಮಿಗೆ ಇಳಿಯಬೇಕು. ರೈಲು, ಪ್ಲಾಟ್‌ಫಾರಂ ಮತ್ತು ಪ್ರಯಾಣಿಕರ ಭಾರಕ್ಕೆಂದು ಲೆಕ್ಕಹಾಕಿ ನಿಲ್ಲಿಸಿದ ಕಂಬಗಳ ಮೇಲೆ ಆಮೇಲೆ ನೂರಾರು ಆನೆಗಳ ಭಾರ ಹೇರಲಾಗದು. ಮೇಲೆ ಏನು ಬರುತ್ತದೆ ಎಂಬುದನ್ನು ಪಾಯ ತೋಡುವ ಮೊದಲೇ ನಿರ್ಧರಿಸಬೇಕು.

ಇನ್ನೊಂದು ತೊಡಕೂ ಇದೆ. ಹಳಿಗಳ ಮಧ್ಯೆ ಬೇಕಾದಲ್ಲಿ ಕಂಬ ನಿಲ್ಲಿಸಲಾಗದು. ಹೀಗಾಗಿ ಮನೆಗಳ ಕಂಬಗಳು ಕೆಳಗಿನ ಕಂಬಗಳ ನೇರಕ್ಕೆ ಬಾರದಿರಬಹುದು. ಆಗ ನಡುವೆ ಬಹಳ ದಪ್ಪನಾದ ತೊಲೆಗಳನ್ನು ಹಾಕಬೇಕಾಗುತ್ತದೆ. ರೈಲು ಓಡುವಾಗ ಹುಟ್ಟುವ ಕಂಪನ ಮನೆಗಳಿಗೆ ತಟ್ಟದಂತೆ ಹಳಿಗಳ ಕೆಳಗೆ ರಬ್ಬರಿನ ಮೆತ್ತೆಗಳನ್ನು ಇಡುತ್ತಾರೆ.

ಮಾಡಿ ನೋಡಿ

ಬಳಸಿದ ಹಾಳೆಗಳನ್ನು ಸುರುಳಿ ಸುತ್ತಿ, ದಾರ ಕಟ್ಟಿ, ಒಂದೇ ಎತ್ತರದ ಎಂಟು ಕಂಬಗಳನ್ನು ಮಾಡಿ. ನಾಲ್ಕನ್ನು ನಿಲ್ಲಿಸಿ ಮೇಲೆ ಒಂದು ತೆಳು ರಟ್ಟನ್ನಿಡಿ. ಉಳಿದ ನಾಲ್ಕನ್ನು ಕೆಳಗಿನ ಕಂಬಗಳ ನೇರಕ್ಕೆ ನಿಲ್ಲಿಸಿ, ಇನ್ನೊಂದು ರಟ್ಟಿಟ್ಟು ಒಂದೊಂದಾಗಿ ಪುಸ್ತಕ ಪೇರಿಸಿ. ಎಷ್ಟು ಪುಸ್ತಕ ತಡೆಯಿತೆಂದು ಬರೆದುಕೊಳ್ಳಿ. ಈಗ ಮೇಲಿನ ಕಂಬಗಳನ್ನು ರಟ್ಟಿನ ನಡುಭಾಗಕ್ಕೆ ಸರಿಸಿ ಮತ್ತೆ ಪೇರಿಸಿ. ಕೆಳಗಿನ ರಟ್ಟು ಏನಾಗುತ್ತದೆ? ಎರಡು ಮೂರು ರಟ್ಟುಗಳನ್ನು ಅಂಟಿಸಿ ದಪ್ಪ ಮಾಡಿದರೆ?

ಎತ್ತರಕ್ಕೂ ಬೆಲೆಯುಂಟು

160 ಮನೆಗಳಲ್ಲಿ ತಲಾ ನಾಲ್ವರಿದ್ದು, ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಬೇಕೆಂದರೆ ಒಟ್ಟು 86,400 ಲೀಟರ್ ಬೇಕು. ಬೆಂಗಳೂರಿಗೆ ಕಾವೇರಿ ನೀರು ಬರುವುದು ಸುಮಾರು 100 ಕಿಲೋಮೀಟರ್ ದೂರದಿಂದ, ಅದೂ ಪಂಪುಗಳಿಂದ ಮೇಲೆತ್ತಿ. ಅಂತಸ್ತು ಏರಿಸಿದಷ್ಟು ಸುಲಭವಾಗಿ ನೀರು ಹೆಚ್ಚುವುದಿಲ್ಲ. ಬಳಸಿದ ನೀರನ್ನು ಶುದ್ಧಿಮಾಡಿ ಮತ್ತೆ ಬಳಸುವ ವ್ಯವಸ್ಥೆ ಬೇಕು. ಬೆಂಕಿ ಬಿದ್ದಾಗ ಎಲ್ಲರೂ ಬೇಗ ಇಳಿಯುವ ಮೆಟ್ಟಿಲುಗಳೂ ಬೇಕು.

ಜನರ ಮಾತೂ ಇದೆ. ಇಂದಿರಾನಗರದಲ್ಲಿ ಮೆಟ್ರೋ ಬರುವಾಗ ಸಿ.ಎಂ.ಎಚ್. ರಸ್ತೆಯ ಎಷ್ಟೋ ಅಂಗಡಿಗಳನ್ನು ಕೆಡವಬೇಕಾಯಿತು. ವ್ಯಾಪಾರಿಗಳು ಪ್ರತಿಭಟಿಸಿದರು. ಶಿವಾಜಿನಗರದಲ್ಲಿ ಮೆಟ್ರೋ ನಿಲ್ದಾಣ ನೆಲದಡಿಯಲ್ಲಿದೆ. ಇಂಥ ಕಡೆ ಮೇಲಿನ ನೆಲವನ್ನು ಏನು ಮಾಡಬೇಕು? ಭಾರಿ ಬೆಲೆಯ ಅಂಗಡಿಗಳಿಗೆ ಕೊಟ್ಟರೆ ರಸ್ತೆಬದಿಯಲ್ಲಿ ಹಣ್ಣು ಮಾರುವ ಅಜ್ಜಿ ಎಲ್ಲಿಗೆ ಹೋಗಬೇಕು? ದಿನವೂ ರೈಲಿನಲ್ಲಿ ಕೆಲಸಕ್ಕೆ ಹೋಗುವ ಬಡವರಿಗೆ ಅಲ್ಲಿ ಒಂದು ಮನೆ ಸಿಗಬೇಡವೇ? ಕಂಬ ಎಷ್ಟು ದಪ್ಪವಿರಬೇಕೆಂದು ಗಣಿತ ಹೇಳುತ್ತದೆ. ಮನೆ ಯಾರಿಗೆಂದು ನಾವೇ ತೀರ್ಮಾನಿಸಬೇಕು. ಅದನ್ನೂ ಪಾಯ ತೋಡುವ ಮೊದಲೇ ತೀರ್ಮಾನಿಸುವುದು ಒಳ್ಳೆಯದು.

ಯೋಚಿಸಿ

ನಿಮ್ಮ ಊರಿನ ಬಸ್ ನಿಲ್ದಾಣದ ಮೇಲೆ ಎರಡು ಅಂತಸ್ತು ಕಟ್ಟಲು ಅವಕಾಶ ಸಿಕ್ಕರೆ ಅಲ್ಲಿ ಏನಿರಬೇಕು? ಗ್ರಂಥಾಲಯವೇ, ಆಸ್ಪತ್ರೆಯೇ, ಮನೆಗಳೇ? ಈಗಿರುವ ಕಂಬಗಳು ಆ ಭಾರ ತಡೆಯುತ್ತವೆಯೇ ಎಂದು ತಿಳಿಯಲು ಯಾರನ್ನು ಕೇಳುವಿರಿ? ಗೆಳೆಯರೊಂದಿಗೆ ಚರ್ಚಿಸಿ, ಚಿತ್ರ ಬರೆದು ನಿಮ್ಮ ಶಿಕ್ಷಕರಿಗೆ ತೋರಿಸಿ.