ಡೊಂಬಿವಲಿಯಿಂದ ಚಂದ್ರನವರೆಗೆ

ಡೊಂಬಿವಲಿಯಿಂದ ಮುಂಬಯಿಯ ಸಿಎಸ್‌ಎಂಟಿ ನಿಲ್ದಾಣಕ್ಕೆ ರೈಲು ಹಾದಿ 48 ಕಿಲೋಮೀಟರ್. ಹೋಗಿ ಬರಲು 96. ಭಾನುವಾರ, ಹಬ್ಬ, ರಜೆ ಎಲ್ಲವನ್ನೂ ಕಳೆದು ವರ್ಷಕ್ಕೆ 250 ದಿನ ಕೆಲಸ ಎಂದು ಹಿಡಿದರೂ 24,000 ಕಿಲೋಮೀಟರ್ ಆಯಿತು. ಭೂಮಿಯ ಸುತ್ತಳತೆ ಸುಮಾರು 40,000. ಆರು ತಿಂಗಳ ಹೆರಿಗೆ ರಜೆ ಮುಗಿಸಿ ಕೆಲಸಕ್ಕೆ ಮರಳಿದ ತಾಯಿ, ಮಗುವಿಗೆ ಎರಡೂಕಾಲು ವರ್ಷ ತುಂಬುವಷ್ಟರಲ್ಲಿ ಲೋಕಲ್ ರೈಲಿನಲ್ಲೇ ಭೂಮಿಗೆ ಒಂದು ಸುತ್ತು ಬಂದಿರುತ್ತಾಳೆ. ಹದಿನಾರು ವರ್ಷ ಹೀಗೇ ಓಡಾಡಿದರೆ 3,84,000 ಕಿಲೋಮೀಟರ್. ಚಂದ್ರ ನಮ್ಮಿಂದ ಸರಾಸರಿ 3,84,400 ಕಿಲೋಮೀಟರ್ ದೂರದಲ್ಲಿದ್ದಾನೆ. ಮಗು ಹತ್ತನೆಯ ತರಗತಿ ದಾಟುವ ಹೊತ್ತಿಗೆ ಅಮ್ಮ ಚಂದ್ರನ ಬಾಗಿಲಿಗೆ ಹೋಗಿ ನಿಂತಂತಾಯಿತು.

ದಾದರ್, ಮಾಟುಂಗ, ಸಯನ್ ಕಡೆಯ ಒಂದು ಖೋಲಿ ಬಿಟ್ಟು ಡೊಂಬಿವಲಿ, ಬದ್ಲಾಪುರ, ವಿರಾರ್‌ಗಳಲ್ಲಿ ಎರಡು ರೂಮಿನ ಮನೆ ಮಾಡೋಣವೇ ಎಂದು ಎಳೆ ಮಗುವಿರುವ ಮನೆಗಳಲ್ಲಿ ಮಾತು ಶುರುವಾದಾಗ ಮುಂದೆ ಬರುವ ಲೆಕ್ಕ ಎರಡೇ: ಬಾಡಿಗೆ ಎಷ್ಟು ಉಳಿಯುತ್ತದೆ, ರೈಲು ಪಾಸಿಗೆ ಎಷ್ಟು ಬೀಳುತ್ತದೆ. ಕರಾವಳಿಯಿಂದ, ಬಯಲುಸೀಮೆಯಿಂದ ಹೋಗಿ ಮುಂಬಯಿಯಲ್ಲಿ ನೆಲೆಸಿದ ನಮ್ಮವರ ಎಷ್ಟೋ ಸಂಸಾರಗಳು ಹೀಗೆ ಸರಿಯುತ್ತ ಸರಿಯುತ್ತ ಹೊರವಲಯ ಸೇರಿದವು. ಡೊಂಬಿವಲಿಯಲ್ಲಿ ಕರ್ನಾಟಕ ಸಂಘವಿದೆ, ಸಂಘ ನಡೆಸುವ ಮಂಜುನಾಥ ವಿದ್ಯಾಲಯವಿದೆ. ಊರಿಗೆ ಊರೇ ಜೊತೆಗಿದೆ ಎಂಬ ಧೈರ್ಯ ಸಣ್ಣದಲ್ಲ. ಆದರೂ ಆ ಎರಡು ಲೆಕ್ಕಗಳಲ್ಲಿ ಮಗುವಿನ ಲೆಕ್ಕ ಬರುವುದೇ ಇಲ್ಲ.

ಮೊದಲು ರೈಲನ್ನು ನೋಡೋಣ. 1853ರ ಏಪ್ರಿಲ್ 16ರಂದು ಈಗ ಸಿಎಸ್‌ಎಂಟಿ ಇರುವ ಬೋರಿಬಂದರಿನಿಂದ ಥಾಣೆಗೆ ದೇಶದ ಮೊದಲ ಪ್ರಯಾಣಿಕರ ರೈಲು 34 ಕಿಲೋಮೀಟರ್ ಓಡಿದಾಗ ಅದರ 14 ಬೋಗಿಗಳಲ್ಲಿ ಇದ್ದವರು ಸುಮಾರು 400 ಜನ. ಇಂದು ಅದೇ ಹಾದಿಯಲ್ಲಿ, ಜನ ಹೆಚ್ಚಿರುವ ಹೊತ್ತಿನಲ್ಲಿ, 12 ಬೋಗಿಯ ಒಂದು ಲೋಕಲ್‌ನಲ್ಲಿ 4,500ಕ್ಕೂ ಹೆಚ್ಚು ಜನ ಹೋಗುತ್ತಾರೆ. ಇಂಥ ಲೋಕಲ್‌ಗಳು ಮುಂಬಯಿಯಲ್ಲಿ ದಿನಕ್ಕೆ 3,000ಕ್ಕೂ ಹೆಚ್ಚು ಸಲ ಓಡುತ್ತವೆ. ಕೊರೋನಾಕ್ಕೆ ಮುಂಚೆ ದಿನದ ಪ್ರಯಾಣಗಳ ಎಣಿಕೆ 75 ಲಕ್ಷದ ಆಸುಪಾಸಿನಲ್ಲಿತ್ತು. ಹೋಗುವುದು ಒಂದು, ಬರುವುದು ಒಂದು ಎಂದು ಲೆಕ್ಕವಾಗುವುದರಿಂದ ತಲೆ ಎಣಿಸಿದರೆ 37-38 ಲಕ್ಷ ಜನ ಎನ್ನೋಣ. 2011ರ ಜನಗಣತಿಯ ಪ್ರಕಾರ ದಕ್ಷಿಣ ಕನ್ನಡ, ಉಡುಪಿ, ಕೊಡಗು ಮೂರೂ ಜಿಲ್ಲೆ ಸೇರಿದರೆ 38 ಲಕ್ಷ. ತೊಟ್ಟಿಲ ಕೂಸಿನಿಂದ ಹಿಡಿದು ಹಾಸಿಗೆ ಹಿಡಿದ ಅಜ್ಜಿಯವರೆಗೆ ಮೂರು ಜಿಲ್ಲೆಯ ಪ್ರತಿಯೊಬ್ಬರೂ ಬೆಳಿಗ್ಗೆ ರೈಲು ಹತ್ತಿ ಹೋಗಿ ಸಂಜೆ ಮರಳಿ ಬಂದರೆ ಎಷ್ಟೋ, ಅಷ್ಟು. ಅದೂ ಪ್ರತಿದಿನ.

ಅಷ್ಟು ಜನ ಹಿಡಿಸುವುದು ಹೇಗೆ? ಒಂದು ಚದರ ಮೀಟರ್ ಜಾಗದಲ್ಲಿ 14ರಿಂದ 16 ಜನ ನಿಲ್ಲುತ್ತಾರೆ ಎಂದು ರೈಲ್ವೆಯವರೇ ಅಳೆದಿದ್ದಾರೆ. 16 ಎಂದರೆ ಒಬ್ಬರಿಗೆ ಸಿಗುವುದು 625 ಚದರ ಸೆಂಟಿಮೀಟರ್. ಜೆರಾಕ್ಸ್ ಅಂಗಡಿಯ ಒಂದು ಎ4 ಹಾಳೆಯಷ್ಟು. ಚೀಲ, ಊಟದ ಡಬ್ಬಿ, ಮೊಣಕೈ, ಉಸಿರು ಎಲ್ಲವೂ ಆ ಹಾಳೆಯೊಳಗೇ. ಕೂರಲು ಸಿಕ್ಕಿತೆಂದರೂ ಅದು ಫೋರ್ತ್ ಸೀಟ್ ಇರಬಹುದು: ಮೂವರು ಕೂರುವ ಬೆಂಚಿನ ಅಂಚಿನಲ್ಲಿ ನಾಲ್ಕನೆಯವರಾಗಿ ಅರ್ಧ ಮೈ ಊರಿ, ಉಳಿದರ್ಧವನ್ನು ಎದುರಿನ ಕಂಬಿ ಹಿಡಿದು ತಡೆದುಕೊಳ್ಳುವುದು. ಆ ಸ್ಥಿತಿಯಲ್ಲೇ ತೊಡೆಯ ಮೇಲೆ ಪ್ಲಾಸ್ಟಿಕ್ ಚೀಲ ಹರಡಿ ಮೆಂತ್ಯ ಸೊಪ್ಪು ಬಿಡಿಸುವ, ಬಟಾಣಿ ಸುಲಿಯುವ ಹೆಂಗಸರು ಲೇಡೀಸ್ ಡಬ್ಬಿಯಲ್ಲಿದ್ದಾರೆ. ಮನೆಗೆ ಹೋದ ಮೇಲೆ ಉಳಿಯುವ ಹತ್ತು ನಿಮಿಷಕ್ಕಾಗಿ ಅವರು ರೈಲಿನಲ್ಲೇ ಅಡುಗೆ ಶುರು ಮಾಡಿರುತ್ತಾರೆ. ಜಗತ್ತಿನ ಮೊದಲ ಲೇಡೀಸ್ ಸ್ಪೆಷಲ್ ರೈಲು ಎಂದು ಪಶ್ಚಿಮ ರೈಲ್ವೆ ಹೇಳಿಕೊಳ್ಳುವ ಚರ್ಚ್‌ಗೇಟ್–ಬೋರಿವಲಿ ಗಾಡಿ 1992ರ ಮೇ 5ರಂದು ಹೊರಟಿತು. ದುಡಿಯುವ ಹೆಣ್ಣುಮಕ್ಕಳ ಸಂಖ್ಯೆ ಅಷ್ಟಾಗಿದೆ ಎಂದು ಮೊದಲು ಒಪ್ಪಿಕೊಂಡದ್ದು ರೈಲು. ಶಿಶುವಿಹಾರಗಳು ಇನ್ನೂ ಒಪ್ಪಿಕೊಂಡಿಲ್ಲ.

ಈ ರೈಲಿನ ದೊಡ್ಡ ಸೋಜಿಗ ಅದರ ಅಗ್ಗ. ತಿಂಗಳ ಸೆಕೆಂಡ್ ಕ್ಲಾಸ್ ಪಾಸಿನ ಬೆಲೆ ಹೆಚ್ಚುಕಡಿಮೆ ಹದಿನೈದು ಸಲದ ಟಿಕೆಟ್ಟಿನಷ್ಟು. ಓಡಾಡುವುದು ನಲವತ್ತು ಸಲಕ್ಕೂ ಹೆಚ್ಚು. ಬಡವರಿಗೆ ಇದಕ್ಕಿಂತ ದೊಡ್ಡ ಉಪಕಾರವನ್ನು ಯಾವ ನಗರವೂ ಮಾಡಿಲ್ಲ ಎಂದೇ ನನ್ನ ಭಾವನೆ. ಆದರೆ ದೂರಕ್ಕೆ ಬೆಲೆಯೇ ಇಲ್ಲ ಎಂಬ ಭ್ರಮೆಯನ್ನು ಹುಟ್ಟಿಸಿದ್ದೂ ಈ ಪಾಸೇ. ದೂರದ ಬೆಲೆಯನ್ನು ರೂಪಾಯಿಯಲ್ಲಿ ತೆರುವುದಿಲ್ಲ, ಗಂಟೆಯಲ್ಲಿ ತೆರುತ್ತೇವೆ.

ಮನೆ ಬಾಗಿಲಿನಿಂದ ಸಿಎಸ್‌ಎಂಟಿ ಬಳಿಯ ಕೋಟೆ (ಫೋರ್ಟ್) ಭಾಗದ ಕಚೇರಿಯವರೆಗೆ ರಿಕ್ಷಾ ಸಾಲು, ಪ್ಲಾಟ್‌ಫಾರ್ಮ್, ರೈಲು, ನಡಿಗೆ ಎಲ್ಲ ಸೇರಿ ಒಂದೂಮುಕ್ಕಾಲು ಗಂಟೆ ಎಂದಿಟ್ಟುಕೊಳ್ಳಿ. ದಿನಕ್ಕೆ ಮೂರೂವರೆ ಗಂಟೆ, ವರ್ಷಕ್ಕೆ 875 ಗಂಟೆ. ಹಗಲೂ ರಾತ್ರಿಯೂ ಸೇರಿ 36 ದಿನಕ್ಕೆ ಮೇಲೆ. ಗಂಡ ಹೆಂಡತಿ ಇಬ್ಬರೂ ಹೋಗುವವರಾದರೆ 1,750 ಗಂಟೆ. ಮನೆ ಬದಲಿಸಿದ್ದರಿಂದ ತಿಂಗಳಿಗೆ 20,000 ರೂಪಾಯಿ ಬಾಡಿಗೆ ಉಳಿಯಿತು ಎನ್ನೋಣ, ವರ್ಷಕ್ಕೆ 2,40,000. ಹಳೆಯ ಮನೆಯಿಂದಲೂ ಇದ್ದ ಓಡಾಟವನ್ನು ಕಳೆಯದೆ ಭಾಗಿಸಿ ನೋಡಿದರೆ ತಮ್ಮ ಒಂದೊಂದು ಗಂಟೆಯನ್ನೂ 137 ರೂಪಾಯಿಗೆ ಮಾರಿದಂತೆ. ಎಷ್ಟೋ ಮನೆಗಳಿಗೆ ಆ ದುಡ್ಡು ಬೇಕೇ ಬೇಕು, ಮಾರದೆ ಗತಿಯಿಲ್ಲ. ಆದರೆ ಮಾರುತ್ತಿರುವುದು ಏನನ್ನು ಎಂದು ತಿಳಿದಿರಲಿ.

ಬೆಳಿಗ್ಗೆ 7.45ಕ್ಕೆ ಮನೆ ಬಿಟ್ಟ ತಾಯಿ 9.30ಕ್ಕೆ ಕಚೇರಿ ಸೇರುತ್ತಾಳೆ, ಸಂಜೆ 6ಕ್ಕೆ ಹೊರಟು 7.45ಕ್ಕೆ ಮರಳುತ್ತಾಳೆ. ಸರಿಯಾಗಿ ಹನ್ನೆರಡು ಗಂಟೆ. ಎರಡು ವರ್ಷದ ಮಗು ಬೆಳಿಗ್ಗೆ 6.45ಕ್ಕೆ ಏಳುತ್ತದೆ, ರಾತ್ರಿ 9.30ಕ್ಕೆ ಮಲಗುತ್ತದೆ ಎಂದರೆ ಅಮ್ಮ ಮತ್ತು ಮಗು ಎಚ್ಚರವಾಗಿದ್ದು ಜೊತೆಗಿರುವುದು ಎರಡೂಮುಕ್ಕಾಲು ಗಂಟೆ. 250 ದಿನಕ್ಕೆ 687 ಗಂಟೆ. ಪ್ರಯಾಣಕ್ಕೆ 875, ಮಗುವಿಗೆ 687. ಆ 687ರಲ್ಲೇ ಅಡುಗೆ, ಪಾತ್ರೆ, ನಾಳೆಯ ಡಬ್ಬಿಯ ತಯಾರಿ ಎಲ್ಲವೂ ಆಗಬೇಕು. 2019ರಲ್ಲಿ ಕೇಂದ್ರ ಸರ್ಕಾರ ನಡೆಸಿದ ಸಮಯ ಬಳಕೆ ಸಮೀಕ್ಷೆಯಲ್ಲಿ, ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಮನೆಗೆಲಸ ಮಾಡುವ ಗಂಡಸರು 97 ನಿಮಿಷ. ಮನೆಯವರ ಆರೈಕೆಗೆ ಹೆಂಗಸರದು 134 ನಿಮಿಷ, ಗಂಡಸರದು 76. ಹೀಗಿರುವಾಗ ರೈಲಿನ ಮೂರೂವರೆ ಗಂಟೆ ಯಾರ ನಿದ್ದೆಯಿಂದ ಕಡಿತವಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಹಗಲಲ್ಲಿ ಮಗುವನ್ನು ನೋಡಿಕೊಳ್ಳುವ ಮನೆಗಳನ್ನು ಅಲ್ಲಿ ಪಾಳಣಾಘರ್ ಎನ್ನುತ್ತಾರೆ. ಹೆಚ್ಚಿನವು ಯಾರೋ ಒಬ್ಬ ಕಾಕೂ (ಚಿಕ್ಕಮ್ಮ) ತನ್ನ ಮನೆಯ ಹಾಲಿನಲ್ಲೇ ನಡೆಸುವಂಥವು. ಅದು ರಾತ್ರಿ 8ಕ್ಕೆ ಮುಚ್ಚುವುದಾದರೆ 7.45ಕ್ಕೆ ತಲುಪುವ ತಾಯಿಯ ಕೈಯಲ್ಲಿರುವುದು ಹದಿನೈದು ನಿಮಿಷ. ಒಂದು ಫಾಸ್ಟ್ ಲೋಕಲ್ ರದ್ದಾದರೆ, ಮುಂದಿನದಕ್ಕೆ ಹತ್ತಲಾಗದಿದ್ದರೆ, ಆ ಹದಿನೈದು ನಿಮಿಷ ಮುಗಿಯಿತು. ಹೇಗಾದರೂ ಸರಿ, ಇದೇ ಗಾಡಿ ಹಿಡಿಯಬೇಕು ಎಂದು ಬಾಗಿಲಿಗೆ ಜೋತು ಬೀಳುವುದು ಇಂಥ ಅವಸರದಲ್ಲೇ. 2025ರ ಜೂನ್ 9ರಂದು ದಿವಾ–ಮುಂಬ್ರಾ ನಡುವಿನ ತಿರುವಿನಲ್ಲಿ, ಡೊಂಬಿವಲಿಯವರು ದಿನಾ ಹಾಯುವ ಅದೇ ಹಳಿಗಳ ಮೇಲೆ, ಎದುರುಬದುರು ಬಂದ ಎರಡು ಲೋಕಲ್‌ಗಳ ಬಾಗಿಲಲ್ಲಿ ನೇತಾಡುತ್ತಿದ್ದವರು ಬಿದ್ದು ಕನಿಷ್ಠ ನಾಲ್ವರು ಸತ್ತರು. 2023ರಲ್ಲಿ ಮುಂಬಯಿ ಲೋಕಲ್ ಹಳಿಗಳಲ್ಲಿ ಸತ್ತವರು 2,590. ದಿನಕ್ಕೆ ಏಳು ಜನ.

ಕಾನೂನು ಇಲ್ಲವೆಂದಲ್ಲ. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ 26 ವಾರಗಳ ರಜೆ ಕೊಟ್ಟಿತು. 50 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಬಹುದು ಎಂದಿತು. ಒಳ್ಳೆಯ ಕಾನೂನು. ಆದರೆ ಚದರ ಮೀಟರಿಗೆ ಹದಿನಾರು ಜನ ನಿಂತ ಡಬ್ಬಿಯಲ್ಲಿ ಎಂಟು ತಿಂಗಳ ಕೂಸನ್ನು ಎತ್ತಿಕೊಂಡು ಆ ಕೇಂದ್ರ ತಲುಪುವುದು ಹೇಗೆ? ಮಗುವನ್ನು ಮನೆಯ ಬಳಿಯೇ ಬಿಡದೆ ವಿಧಿಯಿಲ್ಲ. ಬಿಟ್ಟ ಕ್ಷಣದಿಂದ ಅಮ್ಮನಿಗೂ ಮಗುವಿಗೂ ನಡುವೆ 48 ಕಿಲೋಮೀಟರ್. ಮಧ್ಯಾಹ್ನ ಎರಡಕ್ಕೆ ಕಾಕೂ ಫೋನ್ ಮಾಡಿ ಮೈ ಬಿಸಿಯಿದೆ ಎಂದರೆ ತಕ್ಷಣ ಹೊರಟರೂ ಮೂರೂಮುಕ್ಕಾಲಾಗದೆ ಮಗು ಕೈಗೆ ಸಿಗದು. ಮಳೆ ಹಿಡಿದರೆ ಅದೂ ಖಾತರಿಯಿಲ್ಲ. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿತ್ತು. ನಮ್ಮ ವಿಜಯಪುರ ಜಿಲ್ಲೆಗೆ ವರ್ಷವಿಡೀ ಅಷ್ಟು ಬೀಳುವುದಿಲ್ಲ. ರೈಲು ನಿಂತು, ಲಕ್ಷಾಂತರ ಜನ ಕಚೇರಿಯಲ್ಲೋ ಸ್ಟೇಷನ್ನಿನಲ್ಲೋ ರಾತ್ರಿ ಕಳೆದರು, ಇಲ್ಲವೇ ಎದೆಮಟ್ಟದ ನೀರಲ್ಲಿ ನಡೆದರು.

ಹಾಗಾಗಿ ಮನೆ ಬದಲಿಸುವವರು ಅಳೆಯಬೇಕಾದದ್ದು ಬಾಡಿಗೆಯನ್ನೂ ಅಲ್ಲ, ಪಾಸನ್ನೂ ಅಲ್ಲ. ಮಗುವಿಗೂ ಅದನ್ನು ಎತ್ತಿಕೊಳ್ಳಬಲ್ಲ ಹತ್ತಿರದ ಮನೆಯವರಿಗೂ ನಡುವಿನ ಸಮಯವನ್ನು. ಅದು ಅರ್ಧ ಗಂಟೆಯೊಳಗಿದ್ದರೆ, ಅಂದರೆ ಅಜ್ಜ ಅಜ್ಜಿ ಜೊತೆಗಿದ್ದರೆ, ಇಲ್ಲವೇ ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರ ಕೆಲಸ ಥಾಣೆ, ಕಲ್ಯಾಣದ ಕಡೆ ಇದ್ದರೆ, ಧಾರಾಳವಾಗಿ ಹೋಗಿ; ಮಗುವಿಗೆ ಗಾಳಿ ಬೆಳಕಿನ ಮನೆ ಸಿಗುತ್ತದೆ. ಇಬ್ಬರೂ ಕೋಟೆ ಭಾಗಕ್ಕೇ ಹೋಗಬೇಕಾದರೆ, ಮಗು ಶಾಲೆಗೆ ಸೇರುವವರೆಗೆ ಆ ಇಕ್ಕಟ್ಟಿನ ಖೋಲಿಯೇ ಲೇಸು ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನೊಂದು ಮಾತು ನಗರ ಆಳುವವರಿಗೆ. ಉದ್ಯೋಗ ಖಾತರಿ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯುವುದಾಗಿ ಕರ್ನಾಟಕ ಸರ್ಕಾರ 2023ರಲ್ಲಿ ಘೋಷಿಸಿತು. ಹಳ್ಳಿಗೆ ಬೇಕೆನಿಸಿದ್ದು ಲಕ್ಷಗಟ್ಟಲೆ ಜನ ಇಳಿದು ಹತ್ತುವ ಸ್ಟೇಷನ್ನುಗಳ ಬಳಿ ಬೇಡವೇ? ಡೊಂಬಿವಲಿ, ಕಲ್ಯಾಣ, ವಿರಾರ್‌ಗಳಲ್ಲಿ, ಹಾಗೆಯೇ ದಿನಾ ಬೆಂಗಳೂರಿಗೆ ರೈಲು ಹತ್ತುವ ನಮ್ಮ ತುಮಕೂರಿನಲ್ಲೂ, ಸ್ಟೇಷನ್ನಿಗೆ ನಡೆದು ಹೋಗುವಷ್ಟು ಹತ್ತಿರ, ಸಂಜೆಯ ಕೊನೆಯ ಗಾಡಿ ಬರುವವರೆಗೂ ಬಾಗಿಲು ತೆರೆದಿರುವ ಒಂದೊಂದು ಕೂಸಿನ ಮನೆ ಮಾಡಿ.