ಮಾಸಿದ ಬಟ್ಟೆಗೆ ಮನೆಯಲ್ಲಿಯೇ ಬಣ್ಣ



ಕೆಲವು ವರ್ಷಗಳ ಕೆಳಗೆ, ಬೇಸಿಗೆಯ ರಜೆ ಮುಗಿದು ಶಾಲೆ ತೆರೆದ ಮೇಲೆ, ಎಂಟನೆಯ ತರಗತಿಯ ಒಬ್ಬ ಹುಡುಗಿಯು ಒಂದು ವಾರದ ತನಕ ಬರಲಿಲ್ಲ. ಕಾಯಿಲೆಯಿರಬಹುದೆಂದು ಎಣಿಸಿ ನಾನು ಅವಳ ಮನೆಗೆ ಹೋದೆನು. ಹುಡುಗಿಯು ಆರೋಗ್ಯವಾಗಿಯೇ ಇದ್ದಳು. ಅವಳ ತಾಯಿಯು ಒಳಗಿನಿಂದ ಒಂದು ನೀಲಿ ಲಂಗವನ್ನು ತಂದು ನನ್ನ ಮುಂದೆ ಹಿಡಿದರು. ಅಕ್ಕ ಮೂರು ವರ್ಷ ಉಟ್ಟು ತಂಗಿಗೆ ಬಿಟ್ಟ ಲಂಗವದು. ನೆರಿಗೆಯ ಒಳಗಡೆ ನೀಲಿ ಇನ್ನೂ ಉಳಿದಿತ್ತು. ಹೊರಗಡೆ ಬೂದಿಯ ಬಣ್ಣಕ್ಕೆ ತಿರುಗಿತ್ತು. “ಬಟ್ಟೆ ಗಟ್ಟಿಯಾಗಿಯೇ ಇದೆ, ಟೀಚರೇ. ಆದರೆ ಉಟ್ಟರೆ ಎಲ್ಲರೂ ನಗುತ್ತಾರೆಂದು ಇವಳು ಅಳುತ್ತಾಳೆ” ಎಂದರು.

ಬಟ್ಟೆ ಗಟ್ಟಿಯಾಗಿದೆ ಎಂಬ ಆ ಮಾತೇ ಈ ಲೇಖನಕ್ಕೆ ಮೂಲ. ಅನೇಕ ಬಟ್ಟೆಗಳಲ್ಲಿ ನೂಲು ಸವೆಯುವದಕ್ಕೆ ಬಹು ಮುಂಚೆಯೇ ಬಣ್ಣವು ಹೋಗುವದು. ಬಿಸಿಲು ಬಣ್ಣದ ಕಣಗಳನ್ನು ಒಡೆಯುವದು. ಪ್ರತಿ ಒಗೆತದಲ್ಲಿಯೂ ಸ್ವಲ್ಪ ಬಣ್ಣ ನೀರಿಗಿಳಿಯುವದು. ಕಲ್ಲಿನ ಮೇಲೆ ಉಜ್ಜಿದ ಕಡೆಗಳು ಮೊದಲು ಬಿಳಿಚಿಕೊಳ್ಳುವವು. ಇಂಥ ಬಟ್ಟೆಗೆ ಮರಳಿ ಬಣ್ಣ ಕೊಟ್ಟರೆ ಇನ್ನೆರಡು ವರ್ಷ ಮರ್ಯಾದೆಯಿಂದ ಉಡಬಹುದು. ಆದರೆ ಬಣ್ಣವು ಬಲವನ್ನು ಕೊಡಲಾರದು. ಆದಕಾರಣ ಮೊದಲು ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿರಿ. ಎರಡು ಕೈಗಳಿಂದ ಅಡ್ಡಕ್ಕೆ ಎಳೆಯಿರಿ. ನೂಲು ಬಿಟ್ಟುಕೊಟ್ಟರೆ ಅದನ್ನು ನೆಲ ಒರಸಲು ಇಡತಕ್ಕದ್ದೇ ಹೊರತು ಬಣ್ಣಕ್ಕೆ ಹಾಕಕೂಡದು.

ಎರಡನೆಯದಾಗಿ, ಅದು ಯಾವ ನೂಲಿನ ಬಟ್ಟೆಯೆಂದು ತಿಳಿಯಬೇಕು. ಇದನ್ನು ನಾನು ನಷ್ಟಪಟ್ಟು ಕಲಿತೆನು. ಉಪಾಧ್ಯಾಯಿನಿಯಾದ ಹೊಸತರಲ್ಲಿ ನನ್ನ ತಾಯಿಯ ರೇಷ್ಮೆ ಸೀರೆಯೊಂದನ್ನು, ಹತ್ತಿಯದೆಂಬಂತೆ, ಒಗೆಯುವ ಸೋಡಾ ಬೆರಸಿದ ನೀರಿನಲ್ಲಿ ಕುದಿಸಿದೆನು. ಬಣ್ಣವೇನೋ ಹಿಡಿಯಿತು, ಹೊಳಪು ಹೋಯಿತು, ಮಡಿಸಿದ ಕಡೆ ಸೀರೆಯು ಹರಿಯಿತು. ಅಮ್ಮ ಒಂದು ಮಾತನ್ನೂ ಆಡಲಿಲ್ಲ. ಅದಕ್ಕಾಗಿಯೇ ನನಗೆ ಇಂದಿಗೂ ಮರೆತಿಲ್ಲ.

ಹತ್ತಿಯು ಗಿಡದಿಂದ ಬಂದದ್ದು. ರೇಷ್ಮೆಯೂ ಉಣ್ಣೆಯೂ ಪ್ರಾಣಿಗಳಿಂದ ಬಂದವು. ಪಾಲಿಯೆಸ್ಟರ್ ಎಂಬದು ರಸಾಯನದಿಂದ ಮಾಡಿದ್ದು. ಒಂದಕ್ಕೆ ಹಿಡಿಯುವ ಬಣ್ಣವು ಇನ್ನೊಂದಕ್ಕೆ ಹಿಡಿಯದು. ಗುರುತಿಸುವದು ಸುಲಭ. ಅಂಚಿನಿಂದ ಒಂದೆಳೆ ನೂಲನ್ನು ಕಿತ್ತು, ಚಿಮಟದಲ್ಲಿ ಹಿಡಿದು ಸುಡಿರಿ. ಹತ್ತಿಯು ಕಾಗದದಂತೆ ಉರಿದು ಮೆತ್ತಗಿನ ಬೂದಿಯಾಗುವದು. ರೇಷ್ಮೆ, ಉಣ್ಣೆಗಳು ಕೂದಲು ಸುಟ್ಟ ವಾಸನೆ ಕೊಡುವವು. ಪಾಲಿಯೆಸ್ಟರ್ ಕರಗಿ ಗಟ್ಟಿಯಾದ ಮಣಿಯಾಗುವದು. ಇದಕ್ಕೆ ಮನೆಯಲ್ಲಿ ಬಣ್ಣ ಕೊಡುವದು ಕಷ್ಟ. ಹತ್ತಿಯೊಡನೆ ಬೆರಸಿ ನೇಯ್ದದ್ದಾದರೆ ಹತ್ತಿಯ ಎಳೆ ಮಾತ್ರ ಬಣ್ಣ ಹಿಡಿದು, ಒಟ್ಟಿನಲ್ಲಿ ತೆಳುವಾಗಿ ಕಾಣುವದು.

ಪೂರ್ವಕಾಲದಲ್ಲಿ ಬಣ್ಣಗಳು ಗಿಡ, ಬೇರು, ತೊಗಟೆ, ಹುಳುಗಳಿಂದ ಬರುತ್ತಿದ್ದವು. ಹತ್ತಿಗೆ ಕೆಂಪು ಹಿಡಿಸಬೇಕಾದರೆ ಮೊದಲು ಅಳಲೆಕಾಯಿಯ ಒಗರಿನಲ್ಲಿಯೂ ಪಟಿಕದ ನೀರಿನಲ್ಲಿಯೂ ಅದ್ದಬೇಕಾಗಿತ್ತು. ನಮ್ಮ ಮಂಗಳೂರಿನಲ್ಲಿ ಬಾಸೆಲ್ ಮಿಶನಿನವರು 19ನೆಯ ಶತಮಾನದಲ್ಲಿ ನಡಿಸಿದ ನೇಯ್ಗೆಯ ಕಾರ್ಖಾನೆಯು ಖಾಕಿ ಬಟ್ಟೆಗೆ ಹೆಸರಾಗಿತ್ತೆಂಬದನ್ನು ನಿಮ್ಮಲ್ಲಿ ಹಲವರು ಅಜ್ಜಿಯರ ಬಾಯಿಂದ ಕೇಳಿರಬಹುದು. 1856ರಲ್ಲಿ ಲಂಡನ್ನಿನ ವಿಲಿಯಂ ಹೆನ್ರಿ ಪರ್ಕಿನ್ ಎಂಬ 18 ವರ್ಷದ ವಿದ್ಯಾರ್ಥಿಯು ರಜೆಯಲ್ಲಿ ತನ್ನ ಮನೆಯ ಕೋಣೆಯಲ್ಲಿ ಮಲೇರಿಯದ ಮದ್ದಾದ ಕ್ವಿನೈನನ್ನು ಮಾಡಹೋಗಿ ನೇರಳೆ ಬಣ್ಣವನ್ನು ಕಂಡುಕೊಂಡನು. ಅಂದಿನಿಂದ ಬಣ್ಣದ ಪುಡಿಗಳ ಕಾಲ ಬಂತು. 1884ರಲ್ಲಿ, ಒಗರಾಗಲಿ ಪಟಿಕವಾಗಲಿ ಇಲ್ಲದೆ ಹತ್ತಿಗೆ ನೇರವಾಗಿ ಹಿಡಿಯುವ ಕೆಂಪು ದೊರೆಯಿತು. 1956ರಲ್ಲಿ ಹತ್ತಿಯ ನೂಲಿನೊಡನೆ ರಾಸಾಯನಿಕವಾಗಿ ಕೂಡಿಕೊಳ್ಳುವ ರಿಯಾಕ್ಟಿವ್ ಬಣ್ಣಗಳು ಮಾರುಕಟ್ಟೆಗೆ ಬಂದವು.

ಅರಸಿನದ ಬಣ್ಣ ಚೆಂದವಲ್ಲವೇ ಎಂದು ಕೇಳುವಿರಿ. ಮೊದಲ ದಿನ ಬಹಳ ಚೆಂದ. ಆದರೆ ಸಾಬೂನು ತಗಲಿದರೆ ಅದು ಕೆಂಪಾಗುವದು, ಬಿಸಿಲಿನಲ್ಲಿ ಬೇಗನೆ ಮಾಯವಾಗುವದು. ದಿನಾಲೂ ಉಡುವ ಬಟ್ಟೆಗೆ ಅದು ತಕ್ಕದ್ದಲ್ಲ.

ಇನ್ನು ಹತ್ತಿಯ ಬಟ್ಟೆಗೆ ಬಣ್ಣ ಕೊಡುವ ಕ್ರಮ. ಒಣ ತೂಕ 250 ಗ್ರಾಂ ಇರುವ ಬಟ್ಟೆಗೆ 5 ಲೀಟರು ನೀರು, 5ರಿಂದ 10 ಗ್ರಾಂ ನೇರವಾಗಿ ಹಿಡಿಯುವ ಬಣ್ಣದ ಪುಡಿ, 50 ಗ್ರಾಂ ಅಡಿಗೆಯ ಉಪ್ಪು ಬೇಕು. ಪೊಟ್ಟಣದ ಮೇಲೆ ಬೇರೆ ಅಳತೆಯಿದ್ದರೆ ಅದನ್ನೇ ಅನುಸರಿಸಬೇಕು. ಬಟ್ಟೆಯನ್ನು ಸಾಬೂನಿನಿಂದ ಚೆನ್ನಾಗಿ ಒಗೆದು, ಗಂಜಿಯನ್ನೂ ಎಣ್ಣೆಯ ಕಲೆಯನ್ನೂ ತೆಗೆದು, ಒದ್ದೆಯಾಗಿಯೇ ಇಟ್ಟುಕೊಳ್ಳಿರಿ. ಒಣ ಬಟ್ಟೆಯನ್ನು ಹಾಕಿದರೆ ಮಚ್ಚೆ ಮಚ್ಚೆಯಾಗುವದು. ಪುಡಿಯನ್ನು ಮೊದಲು ತಣ್ಣೀರಿನಲ್ಲಿ ಕಲಸಿ, ಬಿಸಿನೀರು ಹೊಯ್ದು, ತೆಳು ಬಟ್ಟೆಯಲ್ಲಿ ಸೋಸಿರಿ. ಉಗುರುಬೆಚ್ಚಗಿನ ನೀರಿನಲ್ಲಿ ಬಟ್ಟೆಯನ್ನಿಳಿಸಿ, ಅರ್ಧ ಗಂಟೆಯಲ್ಲಿ ಮೆಲ್ಲನೆ ಕುದಿಯ ಹತ್ತಿರಕ್ಕೆ ತನ್ನಿರಿ. ನಡುವೆ ಬಟ್ಟೆಯನ್ನು ಮೇಲಕ್ಕೆತ್ತಿ, ಉಪ್ಪನ್ನು ಎರಡು ಮೂರು ಸಲವಾಗಿ ಕರಗಿಸಬೇಕು. ಉಪ್ಪು ಯಾತಕ್ಕೆ? ನೀರಿನಲ್ಲಿ ಹತ್ತಿಯೂ ಬಣ್ಣವೂ ಒಂದೇ ಜಾತಿಯ ವಿದ್ಯುದಂಶವುಳ್ಳವುಗಳಾಗಿ ಒಂದನ್ನೊಂದು ದೂಡುವವು. ಉಪ್ಪು ಆ ದೂಡುವಿಕೆಯನ್ನು ತಗ್ಗಿಸಿ ಬಣ್ಣವನ್ನು ನೂಲಿನ ಬಳಿಗೆ ಬಿಡುವದು. ಮುಕ್ಕಾಲು ಗಂಟೆ ಕೋಲಿನಿಂದ ತಿರುವುತ್ತಾ ಇರಿ. ಅನಂತರ ಅದೇ ನೀರಿನಲ್ಲಿ ಆರಗೊಟ್ಟು, ನೀರು ತಿಳಿಯಾಗುವ ತನಕ ಜಾಲಿಸಿ, ನೆರಳಿನಲ್ಲಿ ಒಣಗಿಸಿರಿ.

ರಿಯಾಕ್ಟಿವ್ ಬಣ್ಣದಲ್ಲಿ ತಣ್ಣೀರಿಗೇ ಹಿಡಿಯುವ ಜಾತಿಯುಂಟು. ಅದಕ್ಕೆ ಉಪ್ಪು ಹೆಚ್ಚು ಬೇಕು, 5 ಲೀಟರಿಗೆ 250 ಗ್ರಾಂ. ಅರ್ಧ ಗಂಟೆಯಾದ ಮೇಲೆ ಸುಮಾರು 100 ಗ್ರಾಂ ಒಗೆಯುವ ಸೋಡಾ ಕರಗಿಸಿ ಹಾಕಿ, ಇನ್ನೊಂದು ಗಂಟೆ ಬಿಡಬೇಕು. ಕೊನೆಗೆ ಸಾಬೂನಿನ ಬಿಸಿನೀರಿನಲ್ಲಿ ಕುದಿಸಿ, ಹಿಡಿಯದೆ ಉಳಿದ ಬಣ್ಣವನ್ನು ತೆಗೆಯಬೇಕು. ಶ್ರಮ ಹೆಚ್ಚು; ಆದರೆ ಒಗೆತಕ್ಕೆ ಬಾಳುವದು. ರೇಷ್ಮೆ, ಉಣ್ಣೆಗಳಿಗಾದರೋ ಸೋಡಾ ಬೇಡ. ಅವುಗಳಿಗೆಂದೇ ಇರುವ ಆಮ್ಲಬಣ್ಣವನ್ನು ಸ್ವಲ್ಪ ವಿನೆಗರ್ ಸೇರಿಸಿ, ಕುದಿಸದೆ ಹದವಾದ ಬಿಸಿಯಲ್ಲಿ ಕೊಡಬೇಕು. ಅವುಗಳಿಗೆ ಬ್ಲೀಚಿಂಗ್ ಪುಡಿಯನ್ನು ಮುಟ್ಟಿಸಲೇ ಕೂಡದು, ಯಾಕಂದರೆ ಅದು ನೂಲನ್ನೇ ತಿಂದುಬಿಡುವದು.

ಬಣ್ಣವನ್ನು ಆರಿಸುವಾಗ ಒಂದು ನಿಯಮವನ್ನು ನೆನಪಿಡಿರಿ: ಹೊಸ ಬಣ್ಣವು ಹಳೆಯದನ್ನು ಅಳಿಸುವದಿಲ್ಲ, ಅದರೊಡನೆ ಕೂಡುವದು. ಹಳದಿಯ ಮೇಲೆ ನೀಲಿ ಹಾಕಿದರೆ ಹಸುರು; ಕೆಂಪಿನ ಮೇಲೆ ನೀಲಿ ಹಾಕಿದರೆ ನೇರಳೆ. ಆದುದರಿಂದ ಅದೇ ಬಣ್ಣವನ್ನೋ ಅದಕ್ಕಿಂತ ಗಾಢವಾದದ್ದನ್ನೋ ಆರಿಸುವದು ಕ್ಷೇಮ. ಹೊಸದಾಗಿ ಬಣ್ಣ ಕೊಟ್ಟದ್ದನ್ನು ಮೊದಲ ಕೆಲವು ಒಗೆತಗಳಲ್ಲಿ ಬೇರೆಯಾಗಿಯೇ ಒಗೆಯಬೇಕು.

ಜಾಗ್ರತೆಯ ಮಾತೊಂದು. ಬಣ್ಣದ ಪುಡಿಯು ಉಸಿರಿನೊಡನೆ ಒಳಗೆ ಹೋಗಬಾರದು. ಮೂಗಿಗೆ ಬಟ್ಟೆ ಕಟ್ಟಿ, ಕೈಚೀಲ ಹಾಕಿಕೊಳ್ಳಿರಿ. ಬಣ್ಣಕ್ಕೆ ಉಕ್ಕಿನ ಪಾತ್ರೆಯೊಂದನ್ನು ಬೇರೆಯಾಗಿ ಇಡಿರಿ. ಅದರಲ್ಲಿ ಮತ್ತೆಂದೂ ಅಡಿಗೆ ಮಾಡಕೂಡದು. ಉಳಿದ ಬಣ್ಣದ ನೀರನ್ನು ಬಾವಿಯ ಕಟ್ಟೆಯ ಬಳಿ ಚೆಲ್ಲಬೇಡಿರಿ. ಚಿಕ್ಕ ಮಕ್ಕಳನ್ನು ದೂರವಿಡಿರಿ.

ಆ ಹುಡುಗಿಯ ಸಂಗತಿಯನ್ನು ಹೇಳಿ ಮುಗಿಸುವೆನು. ಅವಳ ಲಂಗವೊಂದಕ್ಕೇ ಬಣ್ಣ ಕೊಟ್ಟರೆ ಎಲ್ಲರಿಗೂ ತಿಳಿಯುವದಷ್ಟೆ. ಆದುದರಿಂದ ಮಾಸಿದ ಲಂಗವಿದ್ದವರೆಲ್ಲರೂ ಶನಿವಾರ ತರಬಹುದೆಂದು ತಿಳಿಸಿದೆವು. ಹನ್ನೊಂದು ಲಂಗಗಳು ಬಂದವು; ಅವುಗಳಲ್ಲಿ ಒಂದು ನಮ್ಮ ಉಪಾಧ್ಯಾಯಿನಿಯೊಬ್ಬರ ಮಗಳದು. ನಮ್ಮ ಶಾಲೆಯ ಲಂಗ ಹತ್ತಿಯದಾದ್ದರಿಂದ ಕೆಲಸ ಸುಲಭವಾಯಿತು. ಹೊಲಿಗೆಯ ಕೋಣೆಯ ಹಿಂದೆ ಒಲೆ ಹೂಡಿ, ಹುಡುಗಿಯರೇ ಸರದಿಯಿಂದ ಕೋಲಾಡಿಸಿದರು. ಸೋಮವಾರ ಪ್ರಾರ್ಥನೆಗೆ ಸಾಲು ನಿಂತಾಗ ಯಾವದು ಅಕ್ಕನ ಲಂಗ, ಯಾವದು ಹೊಸದು ಎಂದು ನನಗೂ ತಿಳಿಯಲಿಲ್ಲ. ಹತ್ತಿರ ಹೋಗಿ ನೋಡಿದರೆ ಮಾತ್ರ ಹೊಲಿಗೆಯ ದಾರವು ಹಳೇ ಬೂದಿ ಬಣ್ಣದಲ್ಲಿಯೇ ಉಳಿದಿತ್ತು. ಅದು ಪಾಲಿಯೆಸ್ಟರ್ ದಾರವಾಗಿತ್ತು.

ಹತ್ತನೆಯ ತರಗತಿ ಮುಗಿಸಿ ಹೋಗುವ ದಿನ ಆ ಹುಡುಗಿಯು ಲಂಗವನ್ನು ಒಗೆದು, ಇಸ್ತ್ರಿ ಮಾಡಿ, ಹೊಲಿಗೆಯ ಕೋಣೆಯ ಮೇಜಿನ ಮೇಲಿಟ್ಟು ಹೋದಳು. ಮರುವರ್ಷ ಅದನ್ನು ಮತ್ತೊಬ್ಬಳು ಉಟ್ಟಳು. ನಿಮ್ಮ ಪೆಟ್ಟಿಗೆಗಳ ತಳದಲ್ಲಿಯೂ ನಮ್ಮ ಶಾಲೆಯ ನೀಲಿ ಲಂಗಗಳಿರಬಹುದು. ಬಟ್ಟೆ ಗಟ್ಟಿಯಾಗಿದ್ದರೆ, ಬಣ್ಣ ಮಾಸಿದೆಯೆಂದು ಸಂಕೋಚಪಡದೆ, ಒಗೆದು ಕಳುಹಿಸಿರಿ. ಬಣ್ಣವನ್ನು ನಾವು ಕೊಡುವೆವು.